ಮನೆಗೆ ವೀಲ್‌ಚೇರ್ ಬರುವ ಮುನ್ನ: ರ‍್ಯಾಂಪ್‌ಗಿಂತ ಮೊದಲು ಬಚ್ಚಲು ನೋಡಿ

ಪಾರ್ಶ್ವವಾಯು, ಸೊಂಟದ ಮೂಳೆ ಮುರಿತ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು. ಕಾರಣ ಯಾವುದೇ ಇರಲಿ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನ ಹತ್ತಿರ ಬಂದಾಗ ಮನೆಯವರು ಮಾಡುವ ಕೆಲಸ ಸಾಮಾನ್ಯವಾಗಿ ಎರಡು. ಒಂದು, ವೀಲ್‌ಚೇರ್ ಖರೀದಿ. ಇನ್ನೊಂದು, ಮೆಟ್ಟಿಲ ಮೇಲೆ ಹಲಗೆ ಅಥವಾ ಸಿಮೆಂಟ್ ರ‍್ಯಾಂಪ್. ಇವೆರಡೂ ಆದರೆ ಮನೆ ಸಿದ್ಧವಾಯಿತು ಎಂಬ ಭಾವನೆ ಬರುತ್ತದೆ.

ಆದರೆ ಒಂದು ಲೆಕ್ಕ ಹಾಕಿ ನೋಡಿ. ಚೇತರಿಸಿಕೊಳ್ಳುತ್ತಿರುವವರು ಮನೆಯಿಂದ ಹೊರಗೆ ಹೋಗುವುದು ವಾರಕ್ಕೋ ತಿಂಗಳಿಗೋ ಒಮ್ಮೆ. ಶೌಚಾಲಯಕ್ಕೆ ಹೋಗಬೇಕಾದದ್ದು ದಿನಕ್ಕೆ ಆರೇಳು ಬಾರಿ, ರಾತ್ರಿಯೂ ಸೇರಿ. ಬಾಗಿಲ ಮುಂದೆ ಎಷ್ಟೇ ಚೆಂದದ ರ‍್ಯಾಂಪ್ ಇದ್ದರೂ ಬಚ್ಚಲಿನ ಬಾಗಿಲಲ್ಲಿ ಗಾಲಿ ಸಿಕ್ಕಿಕೊಂಡರೆ ಆ ವೀಲ್‌ಚೇರ್ ಜಗಲಿಯ ಮೂಲೆ ಸೇರುತ್ತದೆ.

ಮುಖ್ಯ ಅಂಶಗಳು

• ಮೊದಲು ಸರಿಪಡಿಸಬೇಕಾದದ್ದು ಹಾಸಿಗೆಯಿಂದ ಶೌಚಾಲಯದವರೆಗಿನ ದಾರಿ. ರ‍್ಯಾಂಪ್ ಆಮೇಲೆ.
• ಖರ್ಚು ಮಾಡುವ ಮುನ್ನ ಅಳತೆ. ವೀಲ್‌ಚೇರ್ ಕೊಳ್ಳುವ ಮುನ್ನ ಬಾಗಿಲಿನ ಅಗಲ ಗೊತ್ತಿರಲಿ.
• ರ‍್ಯಾಂಪ್ ಸೂತ್ರ: 1 ಇಂಚು ಎತ್ತರಕ್ಕೆ ಕನಿಷ್ಠ 1 ಅಡಿ ಉದ್ದ.
• ಮೊದಲ ಮೂರು ತಿಂಗಳು ತೆಗೆದುಹಾಕಬಹುದಾದ ವ್ಯವಸ್ಥೆಗಳೇ ಸಾಕು. ಗೋಡೆ ಒಡೆಯುವ ತೀರ್ಮಾನ ಆಮೇಲೆ.

ಕರಾವಳಿಯ ಮನೆಯಲ್ಲಿ ಗಾಲಿ ಎಲ್ಲಿ ನಿಲ್ಲುತ್ತದೆ?

ವೀಲ್‌ಚೇರ್ ಕುರಿತು ಫೋನಿನಲ್ಲಿ ಸಿಗುವ ವಿಡಿಯೋಗಳಲ್ಲಿ ಇರುವುದು ಹೆಚ್ಚಾಗಿ ಅಮೆರಿಕದ ಮನೆ ಅಥವಾ ಬೆಂಗಳೂರಿನ ಫ್ಲ್ಯಾಟ್. ಅಂಕೋಲಾ ತಾಲೂಕಿನ ಬೇಲೆಕೇರಿ, ಕಾರವಾರದ ಕಡಲತಡಿಯ ಊರುಗಳು ಅಥವಾ ಉತ್ತರ ಕನ್ನಡದ ಯಾವುದೇ ಹಳೆಯ ಮನೆಯ ಲೆಕ್ಕ ಬೇರೆ. ಮಳೆನೀರು ಒಳಗೆ ಬರಬಾರದೆಂದು ಇಲ್ಲಿ ಚಿರೇಕಲ್ಲಿನ ತಳಪಾಯವನ್ನು ಎತ್ತರಕ್ಕೆ ಕಟ್ಟುತ್ತಾರೆ. ಅಂಗಳದಿಂದ ಜಗಲಿಗೆ ಎರಡು ಮೂರು ಮೆಟ್ಟಿಲು, ಜಗಲಿಯಿಂದ ಒಳಗೆ ಹೊಸ್ತಿಲು, ಕೋಣೆ ಕೋಣೆಗೂ ಇನ್ನೊಂದು ಹೊಸ್ತಿಲು. ಬಚ್ಚಲು ಹಿತ್ತಿಲ ಕಡೆ, ಒಂದು ಮೆಟ್ಟಿಲು ಕೆಳಗೆ. ಎಷ್ಟೋ ಮನೆಗಳಲ್ಲಿ ಶೌಚಾಲಯ ಮನೆಯಿಂದ ಪ್ರತ್ಯೇಕ. ಅಂಗಳದಲ್ಲಿ ಮರಳು ಮಣ್ಣು.

ಇನ್ನೊಂದು ಕಷ್ಟವೂ ಇದೆ. ದೊಡ್ಡ ಚಿಕಿತ್ಸೆಗೆ ಇಲ್ಲಿಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೋಗುತ್ತಾರೆ. ಎಲ್ಲವೂ ಸುಮಾರು ನೂರು ಕಿಲೋಮೀಟರ್ ಅಥವಾ ಅದಕ್ಕೂ ದೂರ. ಅಲ್ಲಿನ ಫಿಸಿಯೋಥೆರಪಿಸ್ಟ್ ನಿಮ್ಮ ಮನೆ ನೋಡಲು ಬರಲಾರರು. ಹಾಗಾಗಿ ಮನೆಯನ್ನೇ ಅವರ ಬಳಿಗೆ ಒಯ್ಯಬೇಕು. ಅದಕ್ಕೆ ನಿಮ್ಮ ಕೈಯಲ್ಲಿರುವ ಫೋನು ಸಾಕು.

ಮೊದಲು ಟೇಪು, ಆಮೇಲೆ ಗಾರೆ

ಡಿಸ್ಚಾರ್ಜ್‌ಗೆ ಕನಿಷ್ಠ ನಾಲ್ಕೈದು ದಿನ ಮೊದಲು ಮನೆಯಲ್ಲಿರುವ ಯಾರಾದರೂ ಅಳತೆ ಟೇಪು ಹಿಡಿದು ಈ ಕೆಲಸ ಮಾಡಲಿ:

1. ಹಾಸಿಗೆಯಿಂದ ಶೌಚಾಲಯದವರೆಗೆ ನಡೆಯುತ್ತಾ ಒಂದು ವಿಡಿಯೋ. ಫೋನನ್ನು ಕುಳಿತವರ ಕಣ್ಣಿನ ಎತ್ತರದಲ್ಲಿ ಹಿಡಿಯಿರಿ.
2. ಪ್ರತಿ ಬಾಗಿಲಿನ ನಿಜವಾದ ತೆರೆದ ಅಗಲ. ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದರೆ ತಪ್ಪು ಲೆಕ್ಕ ಬರುತ್ತದೆ. ಬಾಗಿಲು ತೆರೆದಾಗ ಉಳಿಯುವ ಜಾಗವನ್ನು ಅಳೆಯಿರಿ.
3. ಪ್ರತಿ ಹೊಸ್ತಿಲು, ಪ್ರತಿ ಮೆಟ್ಟಿಲಿನ ಎತ್ತರ.
4. ಗಾಸು ಸೇರಿ ಮಂಚದ ಎತ್ತರ, ಕಮೋಡ್ ಇದ್ದರೆ ಅದರ ಸೀಟಿನ ಎತ್ತರ.
5. ಬಚ್ಚಲಿನ ಒಳಗಿನ ಉದ್ದ, ಅಗಲ ಮತ್ತು ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ ಎಂಬುದು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಫೋಟೋ ತೆಗೆದು, ವಿಡಿಯೋ ಜೊತೆ ಆಸ್ಪತ್ರೆಯಲ್ಲಿರುವವರಿಗೆ ಕಳುಹಿಸಿ. ಅವರು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ, "ಈ ಮನೆಯಲ್ಲಿ ಇವರು ಶೌಚಕ್ಕೆ ಹೇಗೆ ಹೋಗಬೇಕು?" ಎಂದು ಕೇಳಲಿ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡ್‌ಗೆ ದಾಟಿಸುವ ಕ್ರಮವನ್ನು ಅಲ್ಲಿಯೇ ಒಂದೆರಡು ಬಾರಿ ಮಾಡಿ ಕಲಿಯಿರಿ. ಮನೆಗೆ ಬಂದ ಮೇಲೆ ಕಲಿಸುವವರು ಸಿಗುವುದು ಕಷ್ಟ.

ನೆನಪಿಡಬೇಕಾದ ಮೂರು ಅಳತೆಗಳು ಹೀಗಿವೆ. ವಯಸ್ಕರ ಸಾಮಾನ್ಯ ವೀಲ್‌ಚೇರ್‌ನ ಒಟ್ಟು ಅಗಲ 24ರಿಂದ 26 ಇಂಚು. ತಳ್ಳುವ ಕೈಗೆ ಗಾಯವಾಗದಂತೆ ದಾಟಲು ಬಾಗಿಲು 32 ಇಂಚು ತೆರೆದಿರಬೇಕು. ಕುರ್ಚಿ ಪೂರ್ತಿ ತಿರುಗಲು 5 ಅಡಿ ಚೌಕದ ಜಾಗ ಬೇಕು. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ತಿರುಗಲು 1,500 ಮಿಲಿಮೀಟರ್ ಜಾಗವನ್ನೇ ಹೇಳುತ್ತದೆ. ಅದರಲ್ಲಿ ಬಾಗಿಲಿಗೆ 900 ಮಿಲಿಮೀಟರ್, ಅಂದರೆ ಸುಮಾರು 35 ಇಂಚು. ಆ ನಿಯಮ ಸಾರ್ವಜನಿಕ ಕಟ್ಟಡಗಳಿಗಾಗಿ ಮಾಡಿದ್ದು, ಮನೆಗೆ ಅಳತೆಗೋಲಾಗಿ ಬಳಸಿಕೊಳ್ಳಬಹುದು.

ಬಚ್ಚಲು ಯಾಕೆ ಮೊದಲು?

ಶೌಚಕ್ಕೆ ಹೋಗುವುದು ಕಷ್ಟವಾದಾಗ ಅನೇಕರು ಯಾರಿಗೂ ಹೇಳದೆ ಮಾಡುವ ಕೆಲಸ ಒಂದಿದೆ: ನೀರು ಕುಡಿಯುವುದನ್ನು ಕಡಿಮೆ ಮಾಡುವುದು. ಮಗನನ್ನೋ ಸೊಸೆಯನ್ನೋ ರಾತ್ರಿ ಎಬ್ಬಿಸಬೇಕಲ್ಲ ಎಂಬ ಸಂಕೋಚ ಅದಕ್ಕೆ ಕಾರಣ. ಪರಿಣಾಮವಾಗಿ ಮಲಬದ್ಧತೆ, ಮೂತ್ರದ ಸೋಂಕು, ಸುಸ್ತು ಕಾಣಿಸುತ್ತವೆ. "ಚೇತರಿಕೆ ಯಾಕೋ ನಿಂತುಹೋಯಿತು" ಎಂದು ಮನೆಯವರು ಚಿಂತಿಸುವಾಗ ಕಾರಣ ಹೊಸ್ತಿಲಲ್ಲಿಯೇ ಇರಬಹುದು. ಬೀಳುವ ಅಪಾಯವೂ ಒದ್ದೆ ನೆಲದ ಬಚ್ಚಲಿನಲ್ಲಿಯೇ ಹೆಚ್ಚು.

ಶೌಚಾಲಯ ದೂರವಿದ್ದರೆ: ಮೊದಲ ವಾರಗಳಿಗೆ ಹಾಸಿಗೆಯ ಪಕ್ಕ ಕಮೋಡ್ ಚೇರ್ ಇಡಿ. ಅಡ್ಡಲಾಗಿ ಸೀರೆಯೋ ಪರದೆಯೋ ಕಟ್ಟಿ. ಮರೆ ಇಲ್ಲದಿದ್ದರೆ ಅವರು ಅದನ್ನು ಬಳಸಲು ಹಿಂಜರಿಯುತ್ತಾರೆ.

ಭಾರತೀಯ ಶೈಲಿಯ ಶೌಚಾಲಯವಿದ್ದರೆ: ಒಡೆಯಬೇಕಿಲ್ಲ. ನಡುವೆ ರಂಧ್ರವಿರುವ ಕಮೋಡ್ ಚೇರ್ ಅನ್ನು ಅದರ ಮೇಲೆ ನಿಲ್ಲಿಸಬಹುದು. ನಾಲ್ಕೂ ಕಾಲು ಸಮತಟ್ಟಾಗಿ ಕೂತಿವೆಯೇ, ರಬ್ಬರ್ ಬುಷ್ ಇದೆಯೇ ನೋಡಿ.

ಬಾಗಿಲು ಕಿರಿದಾಗಿದ್ದರೆ: ಹಲಗೆ ಬಾಗಿಲನ್ನು ಕಳಚಿ ದಪ್ಪ ಪರದೆ ಹಾಕಿದರೆ ಸುಮಾರು ಒಂದೂವರೆ ಇಂಚು ಸಿಗುತ್ತದೆ. ಅದೂ ಸಾಲದಿದ್ದರೆ ಚಿಕ್ಕ ಗಾಲಿಗಳ, ಕಿರಿದಾದ ಸ್ನಾನದ ಕುರ್ಚಿ ಬರುತ್ತದೆ. ಬಾಗಿಲು ಉಳಿಸಿಕೊಳ್ಳುವುದಾದರೆ ಹೊರಗೆ ತೆರೆಯುವಂತೆ ಮಾಡಿ. ಒಳಗೆ ತೆರೆಯುವ ಬಾಗಿಲಿನ ಹಿಂದೆ ಯಾರಾದರೂ ಬಿದ್ದರೆ ಅದನ್ನು ತೆರೆಯುವುದೇ ಕಷ್ಟ.

ಎತ್ತರ ಹೊಂದಿಸಿ: ಮಂಚ, ವೀಲ್‌ಚೇರ್ ಸೀಟು, ಕಮೋಡ್ ಸೀಟು ಮೂರೂ ಹತ್ತಿರ ಹತ್ತಿರ ಒಂದೇ ಎತ್ತರ, ಅಂದರೆ 18ರಿಂದ 20 ಇಂಚು ಇದ್ದರೆ ದಾಟುವುದು ಸುಲಭ. ಜಾರಿ ಕೂರುವುದಕ್ಕೂ ಎತ್ತಿ ಕೂರಿಸುವುದಕ್ಕೂ ಇರುವ ವ್ಯತ್ಯಾಸ ನೋಡಿಕೊಳ್ಳುವವರ ಬೆನ್ನಿಗೆ ಗೊತ್ತಾಗುತ್ತದೆ. ಮಂಚ ತಗ್ಗಾಗಿದ್ದರೆ ಕಾಲಿನ ಕೆಳಗೆ ಗುಳಿ ಕೊರೆದ ಮರದ ದಿಮ್ಮಿ ಇಡಿ. ಸಡಿಲ ಇಟ್ಟಿಗೆ ಬೇಡ.

ಹಿಡಿಕೆ ಕಂಬಿ: ಟವೆಲ್ ರಾಡು, ನಲ್ಲಿ, ವಾಶ್‌ಬೇಸಿನ್ ಹಿಡಿಕೆಯಲ್ಲ. ದೇಹದ ಪೂರ್ತಿ ಭಾರ ಬಿದ್ದರೂ ಕಂಬಿ ಅಲ್ಲಾಡಬಾರದು. ಅದು ಗೋಡೆಯಿಂದ ಒಂದೂವರೆ ಇಂಚು ದೂರವಿರಲಿ. ಅವರನ್ನು ಕೂರಿಸಿ, ಕೈ ಎಲ್ಲಿ ಸಿಗುತ್ತದೆ ಎಂದು ಗುರುತು ಹಾಕಿ ಆಮೇಲೆ ಕೊರೆಯಿರಿ. ಸಾಮಾನ್ಯವಾಗಿ ನೆಲದಿಂದ 28ರಿಂದ 36 ಇಂಚಿನ ನಡುವೆ ಬರುತ್ತದೆ. ಪಾರ್ಶ್ವವಾಯುವಾಗಿದ್ದರೆ ಬಲವಿರುವ ಕೈಯ ಕಡೆ ಇರಬೇಕು.

ಚಿರೇಕಲ್ಲಿನ ಗೋಡೆಗೆ ಒಂದು ಎಚ್ಚರಿಕೆ. ಈ ಕಲ್ಲು ರಂಧ್ರಗಳಿಂದ ಕೂಡಿದ್ದು, ಮೆತ್ತಗಿನದು. ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ಮತ್ತು ಸ್ಕ್ರೂ ಇಂದು ಗಟ್ಟಿಯಾಗಿ ಕಂಡರೂ ಕೆಲವು ವಾರಗಳಲ್ಲಿ ಸಡಿಲವಾಗಬಹುದು. ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟ್ ಹಾಕಿಸಿ, ಅಥವಾ ನೆಲದ ಕಾಂಕ್ರೀಟಿನಲ್ಲಿ ಹೂತು ನಿಲ್ಲಿಸುವ ಕಂಬಿ ಮಾಡಿಸಿ. ಮೊದಲು ಆರೋಗ್ಯವಂತರೊಬ್ಬರು ಅದಕ್ಕೆ ಜೋತುಬಿದ್ದು ಪರೀಕ್ಷಿಸಲಿ.

ಹಂಡೆಯ ಬಿಸಿನೀರು: ಬೆನ್ನುಹುರಿಗೆ ಪೆಟ್ಟಾದವರಿಗೆ, ಪಾರ್ಶ್ವವಾಯು ಆದ ಕೆಲವರಿಗೆ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ. ಸುಟ್ಟರೂ ಗೊತ್ತಾಗದು. ನೀರನ್ನು ಮೊದಲು ನೋಡಿಕೊಳ್ಳುವವರು ತಮ್ಮ ಮೊಣಕೈ ಅದ್ದಿ ನೋಡಬೇಕು.

ಹೊಸ್ತಿಲು ಕೀಳಬೇಕೆ?

ಬೇಡ. ಹೊಸ್ತಿಲು ತೆಗೆದರೆ ಮನೆಗೆ ಒಳ್ಳೆಯದಲ್ಲ ಎಂಬ ನಂಬಿಕೆಯಿಂದ ಎಷ್ಟೋ ಮನೆಗಳಲ್ಲಿ ಈ ಚರ್ಚೆ ಜಗಳಕ್ಕೆ ತಿರುಗುತ್ತದೆ. ಆ ಜಗಳದ ಅಗತ್ಯವೇ ಇಲ್ಲ. ಹೊಸ್ತಿಲ ಎರಡೂ ಬದಿಗೆ ಬೆಣೆಯಾಕಾರದ ಮರದ ತುಂಡು ಕೂರಿಸಿದರೆ ಗಾಲಿ ಹತ್ತಿ ಇಳಿಯುತ್ತದೆ. 2 ಇಂಚಿನ ಹೊಸ್ತಿಲಿಗೆ ಎರಡೂ ಕಡೆ 2 ಅಡಿ ಉದ್ದದ ಬೆಣೆ ಇದ್ದರೆ ಅವರೇ ತಳ್ಳಿಕೊಂಡು ದಾಟಬಹುದು. ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಹಬ್ಬದ ದಿನ ಬೆಣೆ ಸರಿಸಿ ಅರಿಶಿನ ಕುಂಕುಮ ಹಚ್ಚಿ, ಮತ್ತೆ ಇಡಬಹುದು. ಬೆಣೆ ಜಾರದಂತೆ ಕೆಳಗೆ ರಬ್ಬರ್ ಹಾಳೆ ಅಂಟಿಸಿ.

ಹಳೆಯ ಮನೆಗಳ ಎರಡು ಹಲಗೆಯ ಬಾಗಿಲಿನಲ್ಲಿ ಎರಡನ್ನೂ ಪೂರ್ತಿ ತೆರೆದು ಕೊಕ್ಕೆ ಹಾಕಿ. ಒಳಗೆ ಗೋಣಿತಾಟು, ಕಾಲೊರಸು, ಚಾಪೆ ತೆಗೆದಿಡಿ, ಮುಂದಿನ ಚಿಕ್ಕ ಗಾಲಿ ಅವುಗಳಲ್ಲಿಯೇ ಸಿಕ್ಕಿಕೊಳ್ಳುವುದು. ಸಗಣಿ ಸಾರಿಸಿದ ನೆಲವಾದರೆ, ಒದ್ದೆ ಇರುವಾಗ ಗಾಲಿ ಹಾಯಿಸಬೇಡಿ.

ರ‍್ಯಾಂಪ್: ಹಲಗೆ ಯಾಕೆ ಸಾಲದು?

ಅವರ ತೂಕ 60 ಕಿಲೋ, ಕುರ್ಚಿ 18 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು 78 ಕಿಲೋ. ಜಗಲಿ 18 ಇಂಚು ಎತ್ತರ, ಅಂದರೆ 6 ಇಂಚಿನ ಮೂರು ಮೆಟ್ಟಿಲು. ತಳ್ಳಬೇಕಾದ ಬಲದ ಲೆಕ್ಕ ಸರಳ: ಒಟ್ಟು ತೂಕವನ್ನು ಎತ್ತರದಿಂದ ಗುಣಿಸಿ, ಇಳಿಜಾರಿನ ಉದ್ದದಿಂದ ಭಾಗಿಸಿ.

• 4 ಅಡಿಯ ಹಲಗೆ: ಸುಮಾರು 29 ಕಿಲೋ ಭಾರ ಎತ್ತಿದಷ್ಟು ಬಲ
• 9 ಅಡಿಯ ಇಳಿಜಾರು: 13 ಕಿಲೋ
• 18 ಅಡಿಯ ಇಳಿಜಾರು: 6.5 ಕಿಲೋ

ಗಾಲಿಯ ಘರ್ಷಣೆ ಇದರ ಮೇಲೆ. ಹಲಗೆಯ ಮೇಲೆ 29 ಕಿಲೋ ಬಲ ಹಾಕುವಾಗ ನಿಮ್ಮ ಕಾಲು ಜಾರಿದರೆ ಕುರ್ಚಿ ಹಿಂದಕ್ಕೆ ನಿಮ್ಮ ಮೇಲೆಯೇ ಬರುತ್ತದೆ. 1 ಇಂಚಿಗೆ 1 ಅಡಿ ಎಂಬ ಸೂತ್ರ, ಅಂದರೆ 1:12 ಇಳಿಜಾರು, ಭಾರತದ ಮಾರ್ಗಸೂಚಿಯಲ್ಲಿಯೂ ಅಮೆರಿಕದ ನಿಯಮದಲ್ಲಿಯೂ ಇರುವುದು ಇದೇ ಕಾರಣಕ್ಕೆ.

ಅಂಗಳದಲ್ಲಿ 18 ಅಡಿ ಜಾಗ ಇಲ್ಲದಿದ್ದರೆ ನೇರ ರ‍್ಯಾಂಪ್ ಬದಲು ಗೋಡೆಗುಂಟ ಅಥವಾ ಮಡಚಿದ ಆಕಾರದಲ್ಲಿ ಕಟ್ಟಬಹುದು. ತಿರುವಿನಲ್ಲಿ 5 ಅಡಿ ಸಮತಟ್ಟು ಜಾಗ ಇರಲಿ. ತುಳಸಿಕಟ್ಟೆ ಅಡ್ಡ ಬಂದರೆ ರ‍್ಯಾಂಪ್ ಅದರ ಪಕ್ಕದಿಂದ ತಿರುಗಲಿ. ಪಕ್ಕದ ಅಥವಾ ಹಿಂದಿನ ಬಾಗಿಲನ್ನೂ ನೋಡಿ, ಅಲ್ಲಿ ಎತ್ತರ ಕಡಿಮೆ ಇರಬಹುದು.

ರ‍್ಯಾಂಪ್ ಅಗಲ ಕನಿಷ್ಠ 3 ಅಡಿ, ಆದರೆ 4 ಒಳ್ಳೆಯದು. ಮೇಲೆ ಬಾಗಿಲ ಮುಂದೆ 5 ಅಡಿ ಸಮತಟ್ಟು ಜಾಗ, ಎರಡೂ ಬದಿ ಹಿಡಿಕೆ, ಗಾಲಿ ಅಂಚಿನಿಂದ ಜಾರದಂತೆ 3 ಇಂಚಿನ ಕಟ್ಟು ಬೇಕು. ಕಡಿದಾದ ಇಳಿಜಾರಿನಲ್ಲಿ ಇಳಿಸುವಾಗ ಕುರ್ಚಿಯನ್ನು ತಿರುಗಿಸಿ, ನೀವು ಕೆಳಗೆ ನಿಂತು ಹಿಮ್ಮುಖವಾಗಿ ಇಳಿಸಿ. ಮುಂದಕ್ಕೆ ಇಳಿಸಿದರೆ ಕೂತವರು ಮುಗ್ಗರಿಸಬಹುದು.

ಮಳೆ, ಹಾವಸೆ, ಮರಳು, ಉಪ್ಪುಗಾಳಿ

• ಸಿಮೆಂಟ್ ಹಸಿಯಿರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡ ಗೆರೆ ಎಳೆಸಿ. ನಯವಾದ ಟೈಲ್ಸ್ ಬೇಡ.
• ಮಳೆಗಾಲದಲ್ಲಿ ಹಾವಸೆ ಕಟ್ಟುತ್ತದೆ. ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ತೊಳೆಯಿರಿ. ಸಾಧ್ಯವಾದರೆ ರ‍್ಯಾಂಪ್ ಮೇಲೆ ಶೀಟಿನ ಮಾಡು ಹಾಕಿಸಿ.
• ಕಡಲ ಗಾಳಿಗೆ ಸಾಮಾನ್ಯ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹಿಡಿಕೆಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಿ. ಕಬ್ಬಿಣವಾದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಬೆಸುಗೆ ಹಾಕಿದ ಜಾಗ ನೋಡಿ ಬಣ್ಣ ಹೊಡೆಸಿ.
• ಮರಳಿನಲ್ಲಿ ಮುಂದಿನ ಗಾಲಿ ಹೂತುಹೋಗುತ್ತದೆ. ರ‍್ಯಾಂಪ್ ತುದಿಯಿಂದ ವಾಹನ ನಿಲ್ಲುವ ಜಾಗದವರೆಗೆ 4 ಅಡಿ ಅಗಲದ ಗಟ್ಟಿ ದಾರಿ ಇಲ್ಲದಿದ್ದರೆ ರ‍್ಯಾಂಪ್ ಅರ್ಧ ಕೆಲಸ ಅಷ್ಟೆ.
• ಗಾಲಿಯ ಬೇರಿಂಗ್‌ಗೆ ಸುತ್ತಿಕೊಂಡ ಕೂದಲು, ಮರಳು ತೆಗೆದು ಒರೆಸಿ ಎಣ್ಣೆ ಬಿಡಿ. ಬ್ರೇಕ್ ಪರೀಕ್ಷೆ ವಾರಕ್ಕೊಮ್ಮೆ.
• ಮಳೆಗಾಲದಲ್ಲಿ ಕರೆಂಟ್ ಹೋಗುವುದು ಸಾಮಾನ್ಯ. ಹಾಸಿಗೆಯ ಪಕ್ಕ ಟಾರ್ಚ್, ಕರೆಯಲು ಗಂಟೆ, ಫೋನು, ನೀರು ಕೈಗೆಟುಕುವಂತೆ ಇರಲಿ.

ತಪ್ಪು ನಂಬಿಕೆ ಮತ್ತು ನಿಜ

ನಂಬಿಕೆ: ವೀಲ್‌ಚೇರ್ ಅಭ್ಯಾಸವಾದರೆ ಮತ್ತೆ ನಡೆಯುವುದಿಲ್ಲ.
ನಿಜ: ನಡಿಗೆ ಮರಳುವುದು ಮೆದುಳು, ನರ, ಮೂಳೆಗೆ ಆದ ಹಾನಿ ಎಷ್ಟು ಮತ್ತು ವ್ಯಾಯಾಮ ಎಷ್ಟು ಎಂಬುದರ ಮೇಲೆ ನಿಂತಿದೆ. ದಿನವಿಡೀ ಮಲಗಿರುವುದಕ್ಕಿಂತ ಎದ್ದು ಕೂರುವುದು ಶ್ವಾಸಕೋಶಕ್ಕೂ ಸ್ನಾಯುಗಳಿಗೂ ಮನಸ್ಸಿಗೂ ಒಳ್ಳೆಯದು. ಫಿಸಿಯೋಥೆರಪಿ ನಿಲ್ಲಿಸಬಾರದು ಎಂಬುದೇ ಮುಖ್ಯ.

ನಂಬಿಕೆ: ದೊಡ್ಡ ಕುರ್ಚಿ ಕೊಂಡರೆ ಆರಾಮ.
ನಿಜ: ಸೀಟು ಅಗಲವಾದರೆ ದೇಹ ಒಂದು ಬದಿಗೆ ವಾಲುತ್ತದೆ, ಕುರ್ಚಿ ಬಾಗಿಲಲ್ಲಿ ತೂರುವುದಿಲ್ಲ. ಸೊಂಟದ ಎರಡೂ ಬದಿ ಅರ್ಧದಿಂದ ಒಂದು ಇಂಚು ಜಾಗ ಉಳಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ವೀಲ್‌ಚೇರ್ ಮಾರ್ಗಸೂಚಿಯೂ ಕುರ್ಚಿ ಕೊಟ್ಟು ಕೈತೊಳೆದುಕೊಳ್ಳುವುದನ್ನು ಒಪ್ಪುವುದಿಲ್ಲ. ವ್ಯಕ್ತಿಯನ್ನು ಪರೀಕ್ಷಿಸಿ, ಅಳತೆಗೆ ಹೊಂದಿಸಿ, ಬಳಸಲು ಕಲಿಸಬೇಕು ಎನ್ನುತ್ತದೆ.

ನಂಬಿಕೆ: ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸಿದರೆ ಹಾಸಿಗೆ ಹುಣ್ಣು ಆಗುವುದಿಲ್ಲ.
ನಿಜ: ಉಂಗುರದಾಕಾರದ ಟ್ಯೂಬು ಸುತ್ತಲಿನ ಚರ್ಮವನ್ನು ಒತ್ತಿ ರಕ್ತ ಸಂಚಾರ ತಡೆಯುತ್ತದೆ, ಹುಣ್ಣಿನ ಅಪಾಯ ಹೆಚ್ಚಿಸುತ್ತದೆ. ಸರಿಯಾದ ಕುಶನ್ ಹಾಕಿ, 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬದಲಿಸಿ ಕೂರಿಸಿ. ದಿನಕ್ಕೊಮ್ಮೆ ಬೆನ್ನು, ಪೃಷ್ಠ, ಹಿಮ್ಮಡಿ ನೋಡಿ. ಕೆಂಪಗಾದ ಜಾಗ ಬೆರಳಿನಿಂದ ಒತ್ತಿದಾಗಲೂ ಬಿಳಿಚದಿದ್ದರೆ ವೈದ್ಯರಿಗೆ ತೋರಿಸಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ ಹೋಗಬಹುದು, ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಮುಟ್ಟಿ ನೋಡಿ.

ನಂಬಿಕೆ: ಇಬ್ಬರು ಸೇರಿ ಕುರ್ಚಿ ಸಮೇತ ಎತ್ತಿದರೆ ಆಯಿತು.
ನಿಜ: ಕೈ ಇಡುವ ಹಿಡಿ, ಪಾದ ಇಡುವ ಹಲಗೆ ಅನೇಕ ಕುರ್ಚಿಗಳಲ್ಲಿ ಕಳಚಿಬರುತ್ತವೆ. ಅವನ್ನು ಹಿಡಿದು ಎತ್ತಿದರೆ ಅಪಘಾತ ಖಚಿತ. ಅನಿವಾರ್ಯವಾದರೆ ಕುರ್ಚಿಯ ಚೌಕಟ್ಟನ್ನೇ ಹಿಡಿಯಿರಿ. ನಿತ್ಯದ ದಾರಿಯಾಗಿ ಇದು ಬೇಡ.

ಯಾವುದು ಯಾವಾಗ?

ಡಿಸ್ಚಾರ್ಜ್‌ಗೆ ಮುನ್ನ: ಅಳತೆ, ಕಮೋಡ್ ಚೇರ್, ಮಂಚದ ಎತ್ತರ, ಹೊಸ್ತಿಲ ಬೆಣೆ, ರಾತ್ರಿ ದೀಪ. ಮಹಡಿಯಲ್ಲಿ ಮಲಗುವವರಾಗಿದ್ದರೆ ಕೆಳಗಿನ ಕೋಣೆ ಖಾಲಿ ಮಾಡಿ.

ಮೊದಲ ತಿಂಗಳು: ಹಿಡಿಕೆ ಕಂಬಿ, ಬಚ್ಚಲಿನ ನೆಲ, ಬಾಗಿಲು ತೆರೆಯುವ ದಿಕ್ಕು. ಹೊರಗೆ ಹೋಗಲು ತಾತ್ಕಾಲಿಕ ರ‍್ಯಾಂಪ್.

ಮೂರು ತಿಂಗಳ ನಂತರ: ಪಾರ್ಶ್ವವಾಯುವಿನಲ್ಲಿ ಚೇತರಿಕೆ ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲಿ ವೇಗವಾಗಿರುತ್ತದೆ, ಆಮೇಲೂ ನಿಧಾನವಾಗಿ ಮುಂದುವರಿಯಬಹುದು. ಮೂಳೆ ಮುರಿತದವರು ಅಷ್ಟರಲ್ಲಿ ವಾಕರ್ ಹಿಡಿದಿರಬಹುದು. ಆಗಿನ ಸ್ಥಿತಿ ನೋಡಿ ಕಾಂಕ್ರೀಟ್ ರ‍್ಯಾಂಪ್, ಹೊಸ ಶೌಚಾಲಯದ ತೀರ್ಮಾನ ಮಾಡಿ. ಬೆನ್ನುಹುರಿಗೆ ಪೂರ್ತಿ ಹಾನಿಯಾಗಿದೆ ಎಂದು ವೈದ್ಯರು ಹೇಳಿದ್ದರೆ ಕಾಯಬೇಕಿಲ್ಲ, ಶಾಶ್ವತ ಕೆಲಸ ಬೇಗ ಶುರುಮಾಡಿ.

ನೆರವು ಎಲ್ಲಿ ಸಿಗುತ್ತದೆ?

ಕರ್ನಾಟಕದ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎಂದರೆ ಪಂಚಾಯಿತಿಯಲ್ಲಿ ಗೊತ್ತಾಗುತ್ತದೆ. ಅರ್ಜಿ ತುಂಬಲು, ಸಾಧನ ಸಲಕರಣೆಗೆ ಹೆಸರು ಕೊಡಲು ಮೊದಲು ಇವರನ್ನು ಕೇಳಿ. ಅಂಗವಿಕಲರಿಗಾಗಿ ಪಂಚಾಯಿತಿ ತೆಗೆದಿಡುವ ಅನುದಾನದ ಬಗ್ಗೆಯೂ ವಿಚಾರಿಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಯುಡಿಐಡಿ ಕಾರ್ಡ್‌ಗೆ ಆನ್‌ಲೈನ್ ಅರ್ಜಿ ಹಾಕಬಹುದು, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಸುಧಾರಿಸುವ ಸಾಧ್ಯತೆ ಇರುವ ಸ್ಥಿತಿಗೆ ಅವಧಿ ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರವೂ ಇದೆ. ಆದಾಯ ಮಿತಿಯೊಳಗಿನವರಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ವೀಲ್‌ಚೇರ್ ಸಿಗುತ್ತದೆ. 1972ರಲ್ಲಿ ಕಾನ್ಪುರದಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ ಅಲಿಮ್ಕೊ ಇಂಥ ಸಾಧನಗಳನ್ನು ತಯಾರಿಸುತ್ತದೆ. ಬಡತನ ರೇಖೆಗಿಂತ ಕೆಳಗಿನ ಹಿರಿಯ ನಾಗರಿಕರಿಗಾಗಿ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ ಶುರುವಾಗಿದೆ. ಹಿರಿಯರ ಸಹಾಯವಾಣಿ 14567. ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಅಸೋಸಿಯೇಶನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಬೆನ್ನುಹುರಿ ಪೆಟ್ಟಾದವರ ಪುನರ್ವಸತಿಯಲ್ಲಿಯೂ ತೊಡಗಿದೆ.

ಕೊನೆಯದಾಗಿ

ಎಲ್ಲ ಕೆಲಸಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿ, ಕುರ್ಚಿಯಲ್ಲಿ ಕೂರುವವರನ್ನೇ: "ನಿಮಗೆ ಮೊದಲು ಯಾರ ಸಹಾಯವೂ ಇಲ್ಲದೆ ಏನು ಮಾಡಬೇಕು ಅನಿಸುತ್ತದೆ?" ಒಬ್ಬರಿಗೆ ಶೌಚ, ಒಬ್ಬರಿಗೆ ದೇವರ ಕೋಣೆ, ಇನ್ನೊಬ್ಬರಿಗೆ ಸಂಜೆ ಜಗಲಿಯಲ್ಲಿ ಕೂತು ದಾರಿ ನೋಡುವುದು. ಮಾತು ಬಾರದಿದ್ದರೆ ಬೆರಳು ತೋರಿಸಲಿ. ಆ ಉತ್ತರವೇ ನಿಮ್ಮ ಕೆಲಸದ ಪಟ್ಟಿಯ ಮೊದಲ ಸಾಲು.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ನಿಮ್ಮವರ ಸ್ಥಿತಿಗೆ ತಕ್ಕ ಸಲಹೆಯನ್ನು ವೈದ್ಯರು ಮತ್ತು ಫಿಸಿಯೋಥೆರಪಿಸ್ಟ್‌ರಿಂದ ಪಡೆಯಿರಿ. ಯಾರದ್ದಾದರೂ ಮನೆಯಲ್ಲಿ ಈ ವಾರ ಡಿಸ್ಚಾರ್ಜ್ ಇದ್ದರೆ ಇದನ್ನು ಅವರಿಗೆ ಕಳುಹಿಸಿ, ಜೊತೆಗೆ ಒಂದು ಅಳತೆ ಟೇಪನ್ನೂ ಕೊಟ್ಟು ಬನ್ನಿ.